ಸೋಮವಾರದ ಮೀನು ಸಾಯಲಿಲ್ಲ

ಹೊಳೆ ಪಕ್ಕದ ನಮ್ಮ ಮೀನುಮರಿ ಫಾರ್ಮಿಗೆ ಈ ಸಲ ಮೂರು ಜನ ಹೆಂಗಸರು ಹೊಸದಾಗಿ ಸೇರಿದ್ದಾರೆ. ಅವರಲ್ಲಿ ಒಬ್ಬಳು ಮನೆಗೇ ಬಂದು ಕೂತು, "ಅಕ್ಕ, ಮೀನಿನ ಒಟ್ಟೆ ಕುಯ್ಯುವಾಗ ಕೈ ನಡುಗ್ತದೆ. ನೀನು ಎಂಗೆ ಇಷ್ಟು ವರ್ಸ ಮಾಡ್ದೆ?" ಅಂತ ಕೇಳಿದಳು. ಕೈ ನಡುಗುವುದು ಒಂದು ವಾರದಲ್ಲಿ ನಿಲ್ಲುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ. ಹೇಳಬೇಕಾದ್ದು ಬೇರೆ ಇದೆ. ಬಾಯಲ್ಲಿ ಹೇಳಿದರೆ ಅರ್ಧ ನುಂಗಿಕೊಳ್ಳುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕತಾಯಮ್ಮ. ಗುರುಪುರದ ಹತ್ತಿರದ ಊರು. ಓದಿದ್ದು ಮೂರನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಅಕ್ಷರ ನಿಧಾನ. ಫಾರ್ಮಿಗೆ ತೊಟ್ಟಿ ತೊಳೆಯುವುದಕ್ಕೆ ಸೇರಿದವಳು, ಬಿಡುವ ಹೊತ್ತಿಗೆ ಮೀನಿಗೆ ಮಣಿ ಹಾಕುವವಳಾಗಿದ್ದೆ. ಮಣಿ ಅನ್ನುವುದು ನಾವು ಹೆಂಗಸರು ಇಟ್ಟುಕೊಂಡ ಹೆಸರು. ಸಾಹೇಬರುಗಳು ಟ್ಯಾಗ್ ಅನ್ನುತ್ತಾರೆ. ಅಕ್ಕಿಕಾಳಿನಷ್ಟು ಗಾಜಿನ ಕೊಳವೆ, ಒಳಗೆ ತಾಮ್ರದ ಎಳೆ. ಸೆಲ್ಲು ಗಿಲ್ಲು ಏನೂ ಇಲ್ಲ. ಮೀನಿನ ಹೊಟ್ಟೆಯಲ್ಲಿ ಸುಮ್ಮನೆ ಮಲಗಿರುತ್ತದೆ. ರೀಡರ್ ಅನ್ನುವ ಯಂತ್ರವನ್ನು ಹತ್ತಿರ ತಂದರೆ ಕುಂಯ್ ಅಂದು ತನ್ನ ನಂಬರು ಹೇಳುತ್ತದೆ. ಮೀನು ಬದುಕಿದ್ದರೂ ಹೇಳುತ್ತದೆ, ಸತ್ತಿದ್ದರೂ ಹೇಳುತ್ತದೆ.

ನಾವು ಮಣಿ ಹಾಕುತ್ತಿದ್ದದ್ದು ಮಹಶೀರ್ ಮರಿಗಳಿಗೆ. ನಮ್ಮ ಕಡೆ ಬಿಳಿಮೀನು ಅನ್ನುತ್ತೇವೆ. ಕಾವೇರಿಯಲ್ಲಿ ಅದು ಕಮ್ಮಿಯಾಗಿ ಹೋಗಿದೆ ಅಂತ ಫಾರ್ಮಿನಲ್ಲಿ ಮರಿ ಮಾಡಿ ಹೊಳೆಗೆ ಬಿಡುವುದು. ಬಿಟ್ಟ ಮೇಲೆ ಅವು ಎಲ್ಲಿಗೆ ಹೋದವು, ಎಷ್ಟು ಉಳಿದವು ಅಂತ ತಿಳಿಯಬೇಕಲ್ಲ, ಅದಕ್ಕೆ ಗುರುತು.

ಮೊದಮೊದಲು ರೆಕ್ಕೆಯ ತುದಿ ಕತ್ತರಿಸುತ್ತಿದ್ದೆವು. ಆಗ ಇದ್ದ ಹಳೇ ಸಾಹೇಬರು ಒಳ್ಳೆಯವರು, ಪ್ಯಾಂಟು ಮಡಚಿಕೊಂಡು ತಾವೇ ತೊಟ್ಟಿಗೆ ಇಳಿಯುತ್ತಿದ್ದರು. ಒಂದು ವರ್ಷ ಕಳೆದು ನೋಡಿದರೆ ಕತ್ತರಿಸಿದ ರೆಕ್ಕೆ ಎಲ್ಲಾ ಚಿಗುರಿ ಪೂರ್ತಿ ಬೆಳೆದಿತ್ತು. ನಮ್ಮ ಮೀನು ಯಾವುದು, ಹೊಳೆಯ ಮೀನು ಯಾವುದು ಗೊತ್ತಾಗಲಿಲ್ಲ. ಸಾಹೇಬರು ಅರ್ಧ ಗಂಟೆ ತೊಟ್ಟಿಯ ಕಟ್ಟೆ ಮೇಲೆ ಕೂತಿದ್ದರು. ಆಮೇಲೆ ಬೆನ್ನಿಗೆ ಬಣ್ಣದ ಪ್ಲಾಸ್ಟಿಕ್ ದಾರ ಹೊಲಿದೆವು. ಅದು ಪಾಚಿಗೆ ಸಿಕ್ಕಿಕೊಂಡು ಮೀನೇ ಹರಿದುಹೋಗುತ್ತಿತ್ತು. ಕೊನೆಗೆ ಬಂದದ್ದು ಮಣಿ.

ಮಣಿ ಬಂದ ಮೇಲೂ ನಗೆಪಾಟಲು ತಪ್ಪಲಿಲ್ಲ. ಎಚ್.ಡಿ. ಕೋಟೆ ಕಡೆ ಕಬಿನಿಯ ಹಿನ್ನೀರಿಗೆ ಒಂದು ಸಲ ಮರಿ ಬಿಟ್ಟು ಬಂದೆವು. ತಿಂಗಳು ಬಿಟ್ಟು ರೀಡರ್ ತೆಗೆದುಕೊಂಡು ಹೋದರೆ ನೀರಿನಲ್ಲಿ ಒಂದು ಸದ್ದೂ ಇಲ್ಲ. ನಮ್ಮಲ್ಲಿ ಮೀನಿನ ಲೆಕ್ಕದ ಪುಸ್ತಕ ಬರೆಯುವ ಲೋಕೇಶ ಅಂತ ಇದ್ದ, ರಾವಂದೂರಿನವನು. ಅವನು ಊಟಕ್ಕೆ ಕೂರುವಾಗ ರೀಡರಿನ ಕೋಲನ್ನು ಒಂದು ಮರಕ್ಕೆ ಒರಗಿಸಿದ. ಅದು ನಿಲ್ಲಿಸದೆ ಕುಂಯ್ಗುಟ್ಟಿತು. ತಲೆ ಎತ್ತಿ ನೋಡಿದರೆ ಮರದ ತುಂಬ ನೀರುಕಾಗೆ ಗೂಡು.

"ಸಾರ್, ನಮ್ ಮೀನು ಮರ ಅತ್ತವೆ," ಅಂದ ಲೋಕೇಶ.

ಹಳೇ ಸಾಹೇಬರು ನಗಲಿಲ್ಲ. ಜರಡಿ ತರಿಸಿ, ಬುಡದಲ್ಲಿದ್ದ ಹಿಕ್ಕೆಯನ್ನೆಲ್ಲ ನಮ್ಮಿಂದ ಜರಡಿ ಹಿಡಿಸಿದರು. ಸಿಕ್ಕಿದ ಮಣಿಗಳನ್ನು ತೊಳೆದು, ಒಂದೊಂದರ ನಂಬರನ್ನೂ ಪುಸ್ತಕದಲ್ಲಿ ಹುಡುಕಿ ಹೊಡೆದುಹಾಕಿದರು. ಬದುಕಿದ್ದನ್ನು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಸತ್ತದ್ದನ್ನೂ ಬರೆಯಬೇಕು ಅಂತ ನಾನು ಕಲಿತದ್ದು ಅಲ್ಲಿ. ಕಲಿತೆ, ಆದರೆ ಬೇಕಾದಾಗ ನೆನಪಾಗಲಿಲ್ಲ.

ಹಳೇ ಸಾಹೇಬರಿಗೆ ವರ್ಗವಾಗಿ ಅವರ ಜಾಗಕ್ಕೆ ದಿವಾಕರ ಸಾಹೇಬರು ಬಂದರು. ಕರಾವಳಿ ಕಡೆಯವರು. ಮೀನಿನ ವಿದ್ಯೆ ಚೆನ್ನಾಗಿ ಓದಿದ್ದರು. ಜೋರು ಮಾತಿಲ್ಲ, ಬೈಗುಳವಿಲ್ಲ. ಏನೇ ಆದರೂ ಪುಸ್ತಕ ತೆಗೆದು ನೋಡಿ, ಅದರಲ್ಲಿದ್ದ ಹಾಗೆ ತೀರ್ಮಾನ ಮಾಡುತ್ತಿದ್ದರು. ಆ ಪುಸ್ತಕದಲ್ಲಿ ಪ್ರತಿ ಮೀನಿಗೂ ಒಂದು ಸಾಲು. ಮಣಿಯ ನಂಬರು, ಮೀನಿನ ಉದ್ದ, ತೂಕ, ತಾರೀಕು, ಕೊಯ್ದವರ ಹೆಸರು.

ಈಗ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡು ಮೇಜು. ಒಂದೊಂದು ಮೇಜಿಗೆ ಇಬ್ಬರು, ಹಿಡಿಯುವವಳು ಒಬ್ಬಳು, ಕೊಯ್ಯುವವಳು ಒಬ್ಬಳು. ಹಿಡಿಯುವವಳು ಲವಂಗದೆಣ್ಣೆ ಬೆರೆಸಿದ ನೀರಿನಿಂದ ಮಂಪರು ಬಂದ ಮರಿಯನ್ನು ಎತ್ತಿ, ಅಳೆದು, ಒದ್ದೆ ಸ್ಪಂಜಿನ ಮೇಲೆ ಹೊಟ್ಟೆ ಮೇಲೆ ಮಾಡಿ ಹಿಡಿಯಬೇಕು. ಕೊಯ್ಯುವವಳು ಹೊಟ್ಟೆಯ ಪಕ್ಕದಲ್ಲಿ ಒಂದು ಗೆರೆಯಷ್ಟು ಸೀಳಿ ಮಣಿ ತೂರಿಸಬೇಕು. ಆಮೇಲೆ ಹಿಡಿದವಳೇ ಮೇಜಿನ ಮೇಲಿದ್ದ ಬೇಸಿನ್ನಿನಲ್ಲಿ ಮರಿಯನ್ನು ಒಮ್ಮೆ ಅದ್ದಿ, ಎಚ್ಚರವಾಗುವ ತೊಟ್ಟಿಗೆ ಬಿಡಬೇಕು. ಆ ಬೇಸಿನ್ನು ಇದ್ದದ್ದು ಕೈ ತೋಯಿಸಿಕೊಳ್ಳುವುದಕ್ಕೂ ಹೌದು. ಒಣಗಿದ ಕೈಯಲ್ಲಿ ಮೀನು ಮುಟ್ಟಿದರೆ ಅದರ ಲೋಳೆ ಕಿತ್ತುಬರುತ್ತದೆ. ಹಾಗಾಗಿ ನಿಮಿಷಕ್ಕೊಂದು ಸಲ ಕೈ ಅದ್ದುತ್ತಲೇ ಇರಬೇಕು. ನೀರು ಬದಲಾಯಿಸುತ್ತಿದ್ದದ್ದು ಬೆಳಿಗ್ಗೆ ಒಂದು ಸಲ, ಊಟದ ಹೊತ್ತಿಗೆ ಒಂದು ಸಲ.

ಗ್ಲೌಸು ಕೊಟ್ಟಿದ್ದರು. ಗಂಡಸರ ಅಳತೆಯದು. ಬೆರಳ ತುದಿಯಲ್ಲಿ ಚೀಲದ ಹಾಗೆ ಜೋತಾಡಿ ಮರಿ ಜಾರಿ ಹೋಗುತ್ತಿತ್ತು. ಎರಡು ದಿನ ಹಾಕಿ ಮೊಳೆಗೆ ತಗುಲಿಹಾಕಿದೆವು. ಯಾರೂ ಕೇಳಲಿಲ್ಲ.

ನಮ್ಮ ಮೇಜಿನಲ್ಲಿ ಹಿಡಿಯುವವಳು ನಾನು, ಕೊಯ್ಯುವವಳು ಬಿಳಿಕೆರೆಯ ಮಹದೇವಮ್ಮ. ಅವಳಷ್ಟು ಚೆನ್ನಾಗಿ ಕೊಯ್ಯುವವರನ್ನು ನಾನು ನೋಡಿಲ್ಲ. ಗಾಯ ಹುಡುಕಿದರೂ ಕಾಣುತ್ತಿರಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಅವಳ ಗಂಡನ ಟೀ ಅಂಗಡಿ ಹೋಗಿತ್ತು, ಮನೆ ನಿಂತಿದ್ದದ್ದು ಇವಳ ಕೆಲಸದ ಮೇಲೆ. ಕೆಲಸ ಕಂಟ್ರಾಕ್ಟು, ವರ್ಷವರ್ಷವೂ ಸಾಹೇಬರ ಸಹಿ ಬೇಕು. ಇನ್ನೊಂದು ಮೇಜಿನಲ್ಲಿ ಪಿರಿಯಾಪಟ್ಟಣದ ಕಡೆಯ ಅಕ್ಕತಂಗಿಯರು. ಅವರು ಫಾರ್ಮಿನ ಕ್ವಾರ್ಟರ್ಸಿನಲ್ಲೇ ಇದ್ದರು.

ದಿವಾಕರ ಸಾಹೇಬರು ಬಂದ ಎರಡನೇ ಮಳೆಗಾಲ. ಕೆ.ಆರ್. ನಗರದ ಕಡೆ ಹೊಳೆಗೆ ಬಿಡಬೇಕಾದ ದೊಡ್ಡ ಕಂತು. ನೀರು ಇಳಿಯುವ ಮೊದಲು ಮಣಿ ಹಾಕಿ ಮುಗಿಸಬೇಕು. ಒಂದು ಬುಧವಾರ ಬೆಳಿಗ್ಗೆ ಫಾರ್ಮಿಗೆ ಹೋದರೆ ಹಿಂದಿನ ದಿನದ ತೊಟ್ಟಿಯಲ್ಲಿ ಮರಿಗಳು ಮಗುಚಿಕೊಂಡು ತೇಲುತ್ತಿದ್ದವು. ರೆಕ್ಕೆ ಸೆಟೆದುಕೊಂಡು, ಬಾಯಿ ಪೂರ್ತಿ ತೆರೆದು. ಲೋಕೇಶ ಒಂದೊಂದನ್ನೂ ರೀಡರಿನ ಕೆಳಗೆ ಹಿಡಿದು ನಂಬರು ಓದಿದ. ಎಲ್ಲವೂ ನಮ್ಮ ಮೇಜಿನವು. ಎಲ್ಲದರ ಮುಂದೆಯೂ ಪುಸ್ತಕದಲ್ಲಿ ಒಂದೇ ಹೆಸರು, ಮಹದೇವಮ್ಮ.

ಗುರುವಾರವೂ ಹಾಗೇ ಆಯಿತು, ಶುಕ್ರವಾರವೂ. ಅಕ್ಕತಂಗಿಯರ ಮೇಜಿನ ಮೀನು ಒಂದೂ ಸಾಯಲಿಲ್ಲ.

ಸಾಹೇಬರು ಸತ್ತ ಮರಿಯೊಂದನ್ನು ಕತ್ತರಿಸಿ ನೋಡಿದರು. ಒಳಗೆ ಕರುಳಿನಲ್ಲಿ ಒಂದು ಸಣ್ಣ ಹರಕು. ಕತ್ತಿಯದೋ, ಅವರ ಕತ್ತರಿಯದೇ ತಾಗಿದ್ದೋ, ನನಗಂತೂ ಗೊತ್ತಿಲ್ಲ. ಹರಕು ಸಿಕ್ಕಿತು ಅಂತ ಉಳಿದವನ್ನು ಅವರು ತೆರೆಯಲಿಲ್ಲ. ಹೊಸಬರು ಇದನ್ನು ಗಮನದಲ್ಲಿಡಿ. ಹುಡುಕುತ್ತಿದ್ದದ್ದು ಒಂದು ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುವವರು ಓದಿದವರಲ್ಲೂ ಇರುತ್ತಾರೆ.

ಮಧ್ಯಾಹ್ನ ನನ್ನೊಬ್ಬಳನ್ನೇ ಆಫೀಸಿಗೆ ಕರೆದರು.

"ಚಿಕ್ಕತಾಯಮ್ಮ, ಅವರ ಎದುರಿಗೆ ಕೂರುವವರು ನೀವು. ನಿಜ ಹೇಳಿ. ಅವರ ಕೈ ಹೇಗಿದೆ?"

ಸತ್ತ ಮೀನು ನಮ್ಮ ಮೇಜಿನದು. ಅವಳಲ್ಲದಿದ್ದರೆ ನಾನು. ನಾನಲ್ಲ ಅನ್ನುವುದು ನನಗೆ ಖಾತ್ರಿ ಇತ್ತು. ನಾನು ಮಾಡಿದ್ದು ಬರೀ ಹಿಡಿಯುವ ಕೆಲಸ.

"ಕಣ್ಣು ಒಸಿ ಮಂಜಂತೆ ಸಾರ್," ಅಂದೆ. "ಈಚೀಚೆಗೆ ಒತ್ತಿ ಕುಯ್ತಾಳೆ."

ಕಣ್ಣು ಮಂಜಾಗಿದೆ ಅನ್ನುವುದನ್ನು ಅವಳೇ ಒಂದು ದಿನ ಬಸ್‌ಸ್ಟಾಪಿನಲ್ಲಿ ನನಗೆ ಹೇಳಿದ್ದಳು. ಒತ್ತಿ ಕೊಯ್ಯುತ್ತಾಳೆ ಅನ್ನುವುದನ್ನು ನಾನು ಸೇರಿಸಿದೆ.

ಸಾಹೇಬರು ಲೋಕೇಶನಿಗೆ ಹೇಳಿ ಎರಡು ವಾರದ ಲೆಕ್ಕ ತೆಗೆಸಿದರು. ಹಿಂದಿನ ವಾರವೂ ಅಲ್ಲೊಂದು ಇಲ್ಲೊಂದು ಸತ್ತಿದ್ದವು, ನಾವು ತಲೆ ಕೆಡಿಸಿಕೊಂಡಿರಲಿಲ್ಲ. ಲೋಕೇಶ ಬೆರಳಿಟ್ಟು ತೋರಿಸಿದ. "ಸಾರ್, ಒಂದು ನೋಡಿ. ಸೋಮವಾರ ಕುಯ್ದಿದ್ದು ಒಂದೂ ಸತ್ತಿಲ್ಲ. ಎರಡು ವಾರದ್ದೂ."

"ಸರಿಯಾಗೇ ಇದೆಯಲ್ಲ," ಅಂದರು ಸಾಹೇಬರು. "ಭಾನುವಾರ ರಜೆ. ಸೋಮವಾರ ಕಣ್ಣಿಗೂ ಕೈಗೂ ವಿಶ್ರಾಂತಿ ಸಿಕ್ಕಿರುತ್ತದೆ. ಮಂಗಳವಾರದಿಂದ ಸೋಲಲು ಶುರು."

ನಾನು ತಲೆ ಆಡಿಸಿದೆ. ಅವರ ಮಾತು ಅಷ್ಟು ಚೆನ್ನಾಗಿ ಕೂತಿತ್ತು.

ಶನಿವಾರ ಮಹದೇವಮ್ಮನನ್ನು ಮೇಜಿನಿಂದ ಎಬ್ಬಿಸಿ ತೊಟ್ಟಿ ತೊಳೆಯಲು ಹಾಕಿದರು. ಬರುವ ಶನಿವಾರ ತಿಂಗಳ ಕೊನೆ, ಆಮೇಲೆ ಬರುವುದು ಬೇಡ ಅಂದರು. ಅವಳು ಒಂದೇ ಮಾತು ಕೇಳಿದಳು.

"ನಾನು ಕುಯ್ದ ಗಾಯ ತೋರ್ಸಿ ಸಾರ್. ಎಲ್ಲಿ ತಪ್ಪಾಗದೆ ಅಂತ ತೋರ್ಸಿ, ಓಯ್ತೀನಿ."

ಸಾಹೇಬರು ಪುಸ್ತಕ ತೋರಿಸಿದರು. ಅವಳು ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಬೇಸಿನ್ನಿನ ನೀರು ಚೆಲ್ಲುವುದಕ್ಕೆ ಎದ್ದು ಹೋದೆ.

ಕೊಯ್ಯುವುದಕ್ಕೆ ನನ್ನನ್ನು ಕೂರಿಸಿದರು. ಹಿಡಿಯುವುದಕ್ಕೆ ಅಕ್ಕತಂಗಿಯರಲ್ಲಿ ತಂಗಿ ಬಂದಳು. ಸೋಮವಾರ ಎಲ್ಲವೂ ಚೆನ್ನಾಗಿ ನಡೆಯಿತು. ಮಂಗಳವಾರ ಬೆಳಿಗ್ಗೆ ತೊಟ್ಟಿಯಲ್ಲಿ ಮೀನು ಲವಲವಿಕೆಯಿಂದಿದ್ದವು. ಸಾಹೇಬರು ನೋಡಿ ನನ್ನ ಮುಂದೆಯೇ, "ನೋಡಿದಿರಾ," ಅಂದರು. ಮಹದೇವಮ್ಮ ಪಕ್ಕದ ತೊಟ್ಟಿಯಲ್ಲಿ ಪೊರಕೆ ಹಿಡಿದು ಪಾಚಿ ಉಜ್ಜುತ್ತಿದ್ದಳು. ಉಜ್ಜುವುದನ್ನು ನಿಲ್ಲಿಸಲಿಲ್ಲ.

ಮಂಗಳವಾರ ಕೊಯ್ದದ್ದು ಬುಧವಾರ ಸತ್ತವು. ಮೊದಲಿಗಿಂತ ಹೆಚ್ಚು. ಪುಸ್ತಕದಲ್ಲಿ ಎಲ್ಲದರ ಮುಂದೆಯೂ ಚಿಕ್ಕತಾಯಮ್ಮ.

"ನಿಮ್ಮ ಕಣ್ಣೂ ಮಂಜಾಗಿದೆಯೇ?" ಅಂದರು ಸಾಹೇಬರು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದರು. "ಕೈ ಪಳಗಬೇಕೇನೋ. ಇವತ್ತು ನಿಧಾನವಾಗಿ ಮಾಡಿ."

ಆ ದಿನ ನಿಧಾನವಾಗಿ ಮಾಡಿದೆ. ಮಧ್ಯಾಹ್ನ ಕೈ ತೊಳೆದು, ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರೆ ಕಹಿ. ಈ ಕಹಿ ನನಗೆ ಹೊಸದಲ್ಲ. ಹೊಗೆಸೊಪ್ಪಿನ ಕಾಲ ಪೂರ್ತಿ ನಮ್ಮ ಕಡೆ ಹೆಂಗಸರ ಊಟ ಕಹಿಯೇ. ಹಸಿ ಸೊಪ್ಪಿನ ಅಂಟು ಬೆರಳಿಗೆ ಕಪ್ಪಗೆ ಹತ್ತುತ್ತದೆ, ಬೂದಿ ಹಾಕಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಅನ್ನ ಕಲಸಿದರೆ ಅನ್ನ ಕಹಿ, ಮಗುವಿಗೆ ಸಕ್ಕರೆ ತಿನ್ನಿಸಿದರೆ ಸಕ್ಕರೆ ಕಹಿ. ಅದು ಅಭ್ಯಾಸವಾಗಿ ಹೋಗಿ ಯಾರೂ ಅದರ ಮಾತೇ ಎತ್ತುವುದಿಲ್ಲ.

ಎರಡನೇ ತುತ್ತು ಮುರಿದೆ. ಬಾಯಿಗೆ ಇಡಲಾಗಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಸಲ ನೀರಿನಲ್ಲಿ ಅದ್ದಿದ ಕೈ ಇದು. ಇಷ್ಟಾದರೂ ಕಹಿ ಉಳಿದಿದೆ ಅಂದರೆ, ಹೋದದ್ದೆಲ್ಲ ಎಲ್ಲಿಗೆ ಹೋಯಿತು? ಬೇಸಿನ್ನಿಗೆ. ಹೊಟ್ಟೆ ಸೀಳಿದ ಮರಿಯನ್ನು ಅದ್ದುವ ಬೇಸಿನ್ನಿಗೆ. ನನ್ನ ಗಂಡ ಹೊಗೆಸೊಪ್ಪಿನ ಕಡ್ಡಿ ಕುದಿಸಿ ಮೆಣಸಿನ ಗಿಡದ ಹುಳುವಿಗೆ ಹೊಡೆಯುತ್ತಿದ್ದ. ಹುಳು ಉದುರುವುದನ್ನು ನಾನೇ ನೋಡಿದ್ದೆ.

ನಮ್ಮೂರಿನಲ್ಲಿ ಆಗ ಸೊಪ್ಪು ಕಟ್ಟುವ ಕಾಲ. ಬೆಳಗಿನ ಜಾವವೇ ಎದ್ದು ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬೆಂಕಿ ಕಾವಿನಲ್ಲಿ ಹದ ಮಾಡುವ ಬ್ಯಾರನ್ನಿಗೆ ಏರಿಸಬೇಕು. ಇದು ಮುಯ್ಯಾಳಿನ ಕೆಲಸ. ಇವತ್ತು ನಾನು ನಿನ್ನ ಬ್ಯಾರನ್ನಿಗೆ ಬಂದರೆ, ನಾಳೆ ನೀನು ನನ್ನ ಬ್ಯಾರನ್ನಿಗೆ ಬರಬೇಕು. ಬರುವುದಿಲ್ಲ ಅಂದವರ ಸೊಪ್ಪು ಹೊಲದಲ್ಲೇ ಹಣ್ಣಾಗುತ್ತದೆ. ನಾನು ದಿನಾ ಯಾರದಾದರೂ ಮನೆಯಲ್ಲಿ ಎರಡು ಗಂಟೆ ಕಟ್ಟಿ, ಕೈ ತೊಳೆದು, ಫಾರ್ಮಿಗೆ ಬರುತ್ತಿದ್ದೆ. ಸೋಮವಾರ ಒಂದನ್ನು ಬಿಟ್ಟು. ಸೋಮವಾರ ಬಸವನ ದಿನ, ನಮ್ಮೂರಿನಲ್ಲಿ ಎತ್ತು ಕಟ್ಟುವುದಿಲ್ಲ. ಗಾಡಿ ಹೂಡದಿದ್ದರೆ ಹೊಲದಿಂದ ಸೊಪ್ಪು ಬರುವುದಿಲ್ಲ, ಸೊಪ್ಪು ಬರದಿದ್ದರೆ ಕಟ್ಟುವುದಿಲ್ಲ. ಈಗ ಟ್ರಾಕ್ಟರು ಬಂದರೂ ಸೋಮವಾರ ಹಾಗೇ ಉಳಿದಿದೆ.

ಮಹದೇವಮ್ಮನ ಮನೆಯವರು ಹೊಗೆಸೊಪ್ಪು ಬೆಳೆದವರಲ್ಲ. ಅಕ್ಕತಂಗಿಯರು ಕ್ವಾರ್ಟರ್ಸಿನಿಂದ ಎದ್ದು ನೇರ ಮೇಜಿಗೆ ಬರುವವರು. ಕರಾವಳಿಯ ಸಾಹೇಬರಿಗೆ ಹಸಿ ಸೊಪ್ಪಿನ ಅಂಟು ಅಂದರೇನು ಅಂತಲೇ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳು.

ಡಬ್ಬಿ ಮುಚ್ಚಿ ಎದ್ದೆ. ಆಫೀಸಿನ ಬಾಗಿಲವರೆಗೆ ಹೋದೆ. ಒಳಗೆ ಹೋಗಲಿಲ್ಲ.

ಇದನ್ನು ಮುಚ್ಚಿಡುವುದಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಮಹದೇವಮ್ಮನೂ ಅಲ್ಲ, ಮೀನೂ ಅಲ್ಲ. ಹೇಳಿದರೆ ನನ್ನ ಕಂಟ್ರಾಕ್ಟಿಗೂ ಸಹಿ ಬೀಳುವುದಿಲ್ಲ. ಕೆಲಸ ಉಳಿಸಿಕೊಳ್ಳಲು ಮುಯ್ಯಿ ಬಿಟ್ಟರೆ ನಮ್ಮ ಸೊಪ್ಪಿಗೆ ಯಾರೂ ಬರುವುದಿಲ್ಲ. ಹೇಳದಿದ್ದರೆ? ತಲೆ ನೋವು ಅಂತ ಹೇಳಿ ಮೇಜಿನಿಂದ ಎದ್ದರೆ ಸಾಕು, ಮೀನು ಸಾಯುವುದು ನಿಲ್ಲುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಶನಿವಾರ ಮಹದೇವಮ್ಮ ಹೋಗುತ್ತಾಳೆ, ಅಷ್ಟೆ.

ಅವತ್ತು ಮಧ್ಯಾಹ್ನವೇ ತಲೆ ನೋವು ಅಂದು ಮೇಜಿನಿಂದ ಎದ್ದೆ. ಸಾಹೇಬರು ಪಾಪ, ಮಾತ್ರೆ ತರಿಸಿಕೊಟ್ಟರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಸಿದ್ದೇಗೌಡ ಕೋಪಿಷ್ಠನಲ್ಲ, ಆದರೆ ಬ್ಯಾರನ್ನಿನ ಮಾತು ಬಂದರೆ ಬೇರೆ ಮನುಷ್ಯ.

"ಮೀನು ಸತ್ರೆ ಸಾಯ್ಲಿ ಬುಡು. ನೀನೇನು ಮೀನಿಗೆ ಬಾಣಂತನ ಮಾಡಕೆ ಉಟ್ಟಿದೀಯಾ?"

"ಮೀನಿನ ಮಾತಲ್ಲ. ಆ ಎಣ್ಣಿನ ಕೆಲ್ಸ ಓಯ್ತದೆ."

"ನೀನು ಮಾತಾಡುದ್ರೆ ನಿನ್ ಕೆಲ್ಸನೂ ಓಯ್ತದೆ. ಎರಡು ಓಗದಕ್ಕಿಂತ ಒಂದು ಓಗ್ಲಿ."

ಇದು ನಾನು ಮಧ್ಯಾಹ್ನವೇ ಹಾಕಿಕೊಂಡಿದ್ದ ಲೆಕ್ಕ. ನನ್ನ ತಲೆಯಲ್ಲಿದ್ದಾಗ ಸರಿಯಾಗಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಹೊಲಸಾಗಿ ಕೇಳಿಸಿತು.

ಗುರುವಾರವೂ ತಲೆ ನೋವು ಅಂತ ಮೇಜಿಗೆ ಕೂರಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಮಹದೇವಮ್ಮ ತೊಟ್ಟಿ ತೊಳೆದು ಮುಗಿಸಿ, ತನ್ನ ಕತ್ತಿ, ಚಿಮುಟ ಎಲ್ಲ ಕುದಿಯುವ ನೀರಿನಲ್ಲಿ ಹಾಕಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಲೋಕೇಶನ ಕೈಗೆ ಕೊಟ್ಟಳು. ಬಿಟ್ಟು ಹೋಗುವ ಕೆಲಸದ ಸಾಮಾನನ್ನು ಅಷ್ಟು ಶುದ್ಧ ಮಾಡಿ ಕೊಡುವುದನ್ನು ನೋಡಿ ನನಗೆ ಸಿಟ್ಟೇ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಗಿನ ಜಾವ ಪಕ್ಕದ ಮನೆಯ ಬ್ಯಾರನ್ನಿಗೆ ಹೋಗಿ ಎಂದಿನಂತೆ ಸೊಪ್ಪು ಕಟ್ಟಿದೆ. ಎದ್ದಾಗ ನೀರು ಕೊಟ್ಟರು. ಬೇಡ ಅಂದೆ. ಕೈ ತೊಳೆಯಲಿಲ್ಲ. ಎರಡೂ ಕೈಗೆ ಒಂದು ಹಳೇ ಟವಲ್ ಸುತ್ತಿಕೊಂಡು ಫಾರ್ಮಿಗೆ ನಡೆದೆ. ದಾರಿಯಲ್ಲಿ ಸಿಕ್ಕಿದವರು, "ಏನಕ್ಕ, ಕೈ ಸುಟ್ಕಂಡ್ಯಾ?" ಅಂದರು. ಊಂ ಅಂದೆ.

ಲೋಕೇಶನಿಗೆ ಹೇಳಿ ಎರಡು ಬಕೆಟ್ಟಿಗೆ ತೊಟ್ಟಿ ನೀರು ತುಂಬಿಸಿದೆ. ಬಿಳಿಮೀನು ಬೇಡ, ಕಾಟ್ಲಾ ಮರಿ ಸಾಕು, ಒಂದೊಂದಕ್ಕೆ ಹತ್ತು ಬಿಡು ಅಂದೆ. ಸಾಹೇಬರನ್ನು ಕರೆಸಿದೆ. ಮಹದೇವಮ್ಮನನ್ನೂ ಕರೆದೆ.

"ಏನಿದು?" ಅಂದರು ಸಾಹೇಬರು.

"ಒಂದು ಗಳಿಗೆ ನಿಂತ್ಕಳಿ ಸಾರ್. ಮಾದೇವಿ, ಆ ಬಕೆಟ್ಟಿಗೆ ಕೈ ಅದ್ದು. ಮೀನು ಹಿಡಿಯುವಂಗೆ ಅದ್ದಿ ತೆಗಿ, ಅದ್ದಿ ತೆಗಿ."

"ನಾನ್ಯಾಕೆ ಅದ್ಲಿ?" ಅಂದಳು ಅವಳು. "ಇವೂ ಸತ್ತು ನನ್ ತಲೆಗೆ ಬರ್ಲಿ ಅಂತಲಾ?"

"ಅದ್ದೇ," ಅಂದೆ. ಟವಲ್ ಬಿಚ್ಚಿದೆ. ನನ್ನ ಕೈ ಮಣಿಕಟ್ಟಿನವರೆಗೂ ಕಪ್ಪಗಿತ್ತು. ಇನ್ನೊಂದು ಬಕೆಟ್ಟಿನಲ್ಲಿ ಮುಳುಗಿಸಿ ಉಜ್ಜಿದೆ.

ಮೊದಲು ಏನೂ ಆಗಲಿಲ್ಲ. ಎರಡು ಬಕೆಟ್ಟಿನಲ್ಲೂ ಮರಿಗಳು ಸುತ್ತು ಹೊಡೆಯುತ್ತಿದ್ದವು. ಲೋಕೇಶ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದ. ಸಾಹೇಬರು ಒಂದು ಸಲ ನನ್ನ ಕೈ ನೋಡಿದರು, ಒಂದು ಸಲ ಗಡಿಯಾರ ನೋಡಿಕೊಂಡರು. ಅವರಿಗೆ ಕೆ.ಆರ್. ನಗರಕ್ಕೆ ಹೋಗುವುದಿತ್ತು.

"ಎಷ್ಟು ಹೊತ್ತು ಚಿಕ್ಕತಾಯಮ್ಮ?"

"ಇನ್ನೊಸಿ ಸಾರ್."

ನಾನು ಉಜ್ಜುತ್ತಲೇ ಇದ್ದೆ. ನೀರು ಸ್ವಲ್ಪ ಬಣ್ಣ ತಿರುಗಿತು. ಆಗ ನನಗೆ ಹೊಸ ಹೆದರಿಕೆ ಶುರುವಾಯಿತು. ಸಾಯದಿದ್ದರೆ? ಸಾಯದಿದ್ದರೆ ಮಹದೇವಮ್ಮನದೇ ತಪ್ಪು ಅಂತ ಸಾಹೇಬರಿಗೆ ಎರಡು ಪಟ್ಟು ಖಾತ್ರಿಯಾಗುತ್ತದೆ. ಅವಳನ್ನು ಉಳಿಸುವುದಕ್ಕೆ ಬಂದವಳು ಪೂರ್ತಿ ಮುಗಿಸಿ ಹೋದ ಹಾಗಾಗುತ್ತದೆ. ಅಷ್ಟು ವರ್ಷ ಮೀನು ಸಾಯಬಾರದು ಅಂತ ಕೆಲಸ ಮಾಡಿದವಳು, ಅವತ್ತು ಬಕೆಟ್ಟಿಗೆ ಬಗ್ಗಿ, ಸಾಯಿರಿ ಅಂತ ಕಾಯುತ್ತಿದ್ದೆ.

ಒಂದು ಮರಿ ಓಡುವುದನ್ನು ಬಿಟ್ಟು ನಿಂತಿತು. ಮೈ ಒಮ್ಮೆ ಅದುರಿತು. ಆಮೇಲೆ ಬಕೆಟ್ಟಿನ ಗೋಡೆಗೆ ಢಿಕ್ಕಿ ಹೊಡೆದು, ಮಗುಚಿಕೊಂಡು, ರೆಕ್ಕೆ ಸೆಟೆದು, ಬಾಯಿ ತೆರೆಯಿತು. ಅದರ ಹಿಂದೆ ಇನ್ನೊಂದು. ಲೋಕೇಶ ಎಣಿಸತೊಡಗಿದ, ಐದಕ್ಕೆ ನಿಲ್ಲಿಸಿದ. ಮಹದೇವಮ್ಮನ ಬಕೆಟ್ಟಿನಲ್ಲಿ ಹತ್ತೂ ಸುತ್ತುತ್ತಿದ್ದವು.

ಸಾಹೇಬರು ಮಂಡಿಯೂರಿ ಕೂತು ಸತ್ತ ಮರಿಯನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. ಅದರ ಬಾಯಿ ನೋಡಿದರು, ಕಿವಿರು ಎತ್ತಿ ನೋಡಿದರು. ಅದಕ್ಕೆ ಯಾರೂ ಕತ್ತಿ ತಾಗಿಸಿರಲಿಲ್ಲ.

"ಇದೇನು ನಿಮ್ಮ ಕೈಯಲ್ಲಿ?"

"ಒಗೆಸೊಪ್ಪು ಸಾರ್. ದಿನಾ ಕಟ್ಟಿ ಬತ್ತೀನಿ. ಸೋಮವಾರ ಕಟ್ಟಲ್ಲ."

ಅವರು ಅಂಗೈಯ ಮರಿಯನ್ನು ಬಕೆಟ್ಟಿಗೆ ಹಾಕಿದರು. ಆಮೇಲೆ, "ಯಾವಾಗ ಗೊತ್ತಾಯಿತು?" ಅಂದರು.

"ಬುಧವಾರ ಮಧ್ಯಾನ."

"ಇವತ್ತು ಶುಕ್ರವಾರ."

"ಊಂ ಸಾರ್. ಎರಡು ದಿನ ನಂಗೆ ಧೈರ್ಯ ಸಾಲ್ಲಿಲ್ಲ. ಇವಳು ಒತ್ತಿ ಕುಯ್ತಾಳೆ ಅಂದನಲ್ಲ, ಅದೂ ಸುಳ್ಳು. ನಾನು ನೋಡಿಲ್ಲ."

ಸಾಹೇಬರು ಎದ್ದು ಮಹದೇವಮ್ಮನ ಕಡೆ ತಿರುಗಿದರು. "ನನ್ನಿಂದ ತಪ್ಪಾಯಿತು," ಅಂದರು. "ಒಂದೇ ಮೀನು ತೆರೆದು ನೋಡಿದೆ." ಅವರಂಥ ಅಧಿಕಾರಿ ತೊಟ್ಟಿ ತೊಳೆಯುವವಳ ಎದುರು ಹಾಗೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಮಹದೇವಮ್ಮ ಸೀರೆಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು.

"ಕಣ್ಣು ಮಂಜು ಅಂತ ಯೋಳ್ದೋಳು ನೀನೇ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣಕ್ಕ. ಅದನ್ನ ನಾನು ಯೋಳಿದ್ದು ನಿನಗೊಬ್ಬಳಿಗೇಯ."

ಅಷ್ಟು ಹೇಳಿ ಲೋಕೇಶನಿಂದ ತನ್ನ ಕತ್ತಿಯ ಗಂಟು ಇಸಿದುಕೊಂಡು ಮೇಜಿಗೆ ಹೋದಳು. ನಾನು ಆ ಎರಡೂ ಬಕೆಟ್ಟು ತೊಳೆದಿಟ್ಟೆ.

ನನ್ನ ಕೆಲಸ ಹೋಗಲಿಲ್ಲ. ಆದರೆ ಆ ಕಾಲ ಮುಗಿಯುವವರೆಗೆ ಮೇಜಿನ ಹತ್ತಿರ ಸೇರಿಸಲಿಲ್ಲ, ಅವಳು ಬಿಟ್ಟ ಪೊರಕೆ ನಾನು ಹಿಡಿದೆ. ಸರಿಯಾಗೇ ಮಾಡಿದರು. ಹೆಂಗಸರ ಅಳತೆಯ ಗ್ಲೌಸು ಬಂದವು. ಪುಸ್ತಕದಲ್ಲಿ ಕೊಯ್ದವರ ಹೆಸರಿನ ಪಕ್ಕ ಹಿಡಿದವರ ಹೆಸರಿಗೂ ಒಂದು ಗೆರೆ ಎಳೆದರು. ಈಗ ನೀವು ತುಂಬುವ ಪುಸ್ತಕದಲ್ಲಿ ಎರಡು ಹೆಸರು ಯಾಕಿದೆ ಅಂತ ಯಾರಾದರೂ ಕೇಳಿದರೆ, ಕಾರಣ ಇದು. ಉಳಿದ ಕಂತನ್ನು ನೀರು ಇಳಿಯುವ ಮುಂಚೆ ಹೊಳೆಗೆ ಬಿಟ್ಟರು. ನಾನು ಆ ಜೀಪಿನಲ್ಲಿ ಹೋಗಲಿಲ್ಲ.

ಊರಿನಲ್ಲಿ ಮುಯ್ಯಿ ಬಿಟ್ಟೆ. "ಚಿಕ್ಕತಾಯಿ ಮೀನಿಗೆ ಮಡಿ ಬೇಕಂತೆ ಕಣ್ರವ್ವ," ಅಂತ ಆಡಿಕೊಂಡರು. ನಮ್ಮ ಸೊಪ್ಪಿಗೆ ಯಾರೂ ಬರಲಿಲ್ಲ. ಗಂಡ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ ಆ ಹೊಲಕ್ಕೆ ಶುಂಠಿ ಹಾಕಿದ.

ಮರುವರ್ಷ ಮಣಿ ಹಾಕುವ ಕಾಲ ಬಂದಾಗ ಯಾರ ಜೊತೆ ಯಾರು ಅಂತ ಸಾಹೇಬರು ಕೇಳಿದರು. ನಾನು ಪೊರಕೆ ಹಿಡಿದು ಹಿಂದೆ ನಿಂತಿದ್ದೆ. ಮಹದೇವಮ್ಮ ನನ್ನ ಕಡೆ ಕೈ ತೋರಿಸಿದಳು.

"ಇವಳೇ ಇರ್ಲಿ ಸಾರ್. ಇವಳ ಕೈ ಏನ್ ಮಾಡ್ತದೆ ಅಂತ ನಂಗೆ ಗೊತ್ತದೆ. ಬ್ಯಾರೆಯವರದ್ದು ಗೊತ್ತಿಲ್ಲ."

ನನಗೆ ಅದು ಕ್ಷಮಿಸಿದ ಮಾತು ಅಂತ ಅನ್ನಿಸಿತು. ಹೋಗಿ ಎದುರಿಗೆ ಕೂತು ಗ್ಲೌಸಿಗೆ ಕೈ ಹಾಕಿದೆ. ಅವಳು ತಡೆದಳು.

"ಮೊದ್ಲು ಕೈ ಕೊಡು."

ಕೊಟ್ಟೆ. ಎರಡೂ ಅಂಗೈ ಮಗುಚಿ ನೋಡಿದಳು, ಉಗುರಿನ ಸಂದು ನೋಡಿದಳು, ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ, "ಸರಿ, ಹಿಡಿ," ಅಂದಳು.

ನಮ್ಮ ಮನೆಯಲ್ಲಿ ಹೊಗೆಸೊಪ್ಪು ನಿಂತೇ ಹೋಗಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೂ ನಾನು ಕೆಲಸ ಬಿಡುವವರೆಗೆ, ಅಷ್ಟು ವರ್ಷವೂ, ದಿನಾ ಬೆಳಿಗ್ಗೆ ಮೂಸಿದಳು. ಸೋಮವಾರವೂ ಬಿಡಲಿಲ್ಲ. ಬಿಡು ಅಂತ ನಾನೂ ಕೇಳಲಿಲ್ಲ.